ಅಕ್ಕನ ಗಾಡಿಗೊಂದು ಚಾವಣಿ

ಸೆಪ್ಟೆಂಬರ್ ೪, ಗುರುವಾರ

ಅಕ್ಕ ಬಂದು ಇಳಿದಿದ್ದಾಳೆ.

ಮಧ್ಯಾಹ್ನ ಮಳೆ ಹೊಯ್ಯುತ್ತಿತ್ತು. ನಾನು ವಕೀಲರ ಕೋಟಿಗೆ ತೋಳು ಕೂರಿಸುತ್ತಿದ್ದೆ. ಅಂಗಡಿಯ ಮುಂದೆ ಒಂದು ಕೆಂಪು ಗಾಡಿ ಬಂದು ನಿಂತಿತು. ನೋಡಿದರೆ, ಡ್ರೈವರ್ ಸೀಟಿನಲ್ಲಿ ಕೂತ ಹೆಂಗಸು ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಬಿಚ್ಚಿದ ಕೊಡೆ ಹಿಡಿದಿದ್ದಾಳೆ. ಕಾರಿನೊಳಗೆ ಕೊಡೆ! ಯಾರಪ್ಪಾ ಈ ಮಹಾತಾಯಿ ಎಂದು ಕನ್ನಡಕ ಒರೆಸಿಕೊಂಡು ನೋಡಿದೆ. ನಮ್ಮ ಅಕ್ಕನೇ.

"ಏನೋ ಹಂಗೆ ಬಾಯಿ ಬಿಟ್ಕೊಂಡು ನಿಂತಿದ್ದೀಯ? ಟವೆಲ್ ತಗೊಂಡ್ ಬಾ."

ಅವಳು ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ರಿಟೈರ್ ಆದ ಮೇಲೆ ಊರೇ ಅವಳ ವಾರ್ಡು, ನಾವೆಲ್ಲ ರೋಗಿಗಳು. ರಿಟೈರ್ ಆದ ಖುಷಿಗೆ ಯಾರೂ ಕೊಳ್ಳದ ಈ ಹಳೆಯ ಗಾಡಿಯನ್ನು ಕೊಂಡಳು. ತಲೆಯ ಮೇಲೆ ತಗಡಿನ ಬದಲು ಬಟ್ಟೆ. ಬೇಕೆಂದಾಗ ಮಡಚಿ ಹಿಂದಕ್ಕೆ ಹಾಕಿ, ಗಾಳಿಗೆ ತಲೆಯೊಡ್ಡಿಕೊಂಡು ಓಡಿಸಬಹುದಂತೆ. ಆ ಬಟ್ಟೆಯ ಚಾವಣಿಗೆ ಟಾಪು ಎನ್ನುತ್ತಾರೆ. ಆ ಟಾಪು ದಾರಿಯಲ್ಲಿ ಹಿಂದಿನ ಗಾಜಿನ ಹತ್ತಿರ ಹೊಲಿಗೆ ಬಿಟ್ಟು ಹರಿದಿದೆ.

ಹೋಗುತ್ತಿರುವುದು ಸಮುದ್ರದ ಊರಿಗೆ. ಅಲ್ಲಿ ಅವಳ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳು ಮಹಡಿಯ ಕೋಣೆಯನ್ನು ಇವಳಿಗೆಂದೇ ಖಾಲಿ ಇಟ್ಟಿದ್ದಾಳಂತೆ. ಇನ್ನು ಉಳಿದ ಕಾಲವೆಲ್ಲ ಅಲ್ಲಿಯೇ. "ಟಾಪ್ ಸರಿ ಹೋಗೋ ತನಕ ಎರಡು ದಿನ ಇರ್ತೀನಿ," ಎಂದಳು.

ಅವಿವಾಹಿತನಾಗಿ, ಸದ್ದಿಲ್ಲದೆ, ನನ್ನ ಪಾಡಿಗೆ ನಾನಿದ್ದವನು. ಎರಡು ದಿನ ತಾನೇ, ಹಲ್ಲು ಕಚ್ಚಿಕೊಂಡು ಇರುತ್ತೇನೆ.

ಸೆಪ್ಟೆಂಬರ್ ೫, ಶುಕ್ರವಾರ

ಬೆಳಿಗ್ಗೆ ಐದಕ್ಕೆ ಯಾರೋ ನನ್ನ ಮಣಿಕಟ್ಟು ಹಿಡಿದರು. ಕಳ್ಳನೆಂದು ಎದ್ದು ಕೂತೆ. ಅಕ್ಕ ನಾಡಿ ನೋಡುತ್ತಿದ್ದಳು.

"ಬದುಕಿದ್ದೀಯ. ನಾಲಿಗೆ ಚಾಚು."

ಅರವತ್ತು ದಾಟಿದ ಗಂಡಸು ಬೆಳಗಿನ ಜಾವ ಹಾಸಿಗೆಯಲ್ಲಿ ಕೂತು ನಾಲಿಗೆ ಚಾಚಿದೆ. ಯಾಕೆ ಚಾಚಿದೆನೋ ದೇವರೇ ಬಲ್ಲ. ಅವಳು ಹೇಳಿದರೆ ನಾಲಿಗೆ ತಾನಾಗಿ ಹೊರಗೆ ಬರುತ್ತದೆ.

ಗಾಡಿಯನ್ನು ಪಕ್ಕದ ಅಂಗಳದಲ್ಲಿ ನಿಲ್ಲಿಸಿದ್ದಾಳೆ. ಅದರ ಮೇಲೆ ಮಳೆ ಬೀಳಬಾರದೆಂದು ನನ್ನ ಕಿಟಕಿಯ ಸರಳಿಗೂ ಕಾಂಪೌಂಡಿಗೂ ತಾಡಪಾಲು ಕಟ್ಟಿದ್ದಾಳೆ. ಹೊಲಿಗೆ ಯಂತ್ರಕ್ಕೆ ಬೆಳಕು ಬರುತ್ತಿದ್ದುದು ಆ ಒಂದು ಕಿಟಕಿಯಿಂದ. ಕೇಳಿದರೆ, "ಮನುಷ್ಯರಿಗೆ ಲೈಟು ಹಾಕ್ಕೋಬಹುದು, ಗಾಡಿಗೆ ಕೊಡೆ ಹಿಡಿಯೋಕಾಗುತ್ತಾ?" ಎಂದಳು. ನಿನ್ನೆ ಹಿಡಿದೇ ಬಂದಳಲ್ಲ ಎನ್ನಬೇಕೆನಿಸಿತು. ಲೈಟು ಹಾಕಿಕೊಂಡೆ.

ಸೆಪ್ಟೆಂಬರ್ ೯, ಮಂಗಳವಾರ

ಎರಡು ದಿನ ಮುಗಿದು ಮೂರು ದಿನವಾಯಿತು. ಇವತ್ತು ನಾನೇ ಸೊಂಟ ಕಟ್ಟಿ ನಿಂತೆ. ಟಾಪು ತೊಳೆಯುವುದು, ಹರಿದಲ್ಲಿ ಒಂದು ಹೊಲಿಗೆ ಹಾಕುವುದು, ಅಕ್ಕನಿಗೆ ಟಾಟಾ ಹೇಳುವುದು. ಪ್ಯಾಂಟು ಹೊಲಿದು ಪಳಗಿದ ಕೈಗೆ ಇದೇನು ಮಹಾ!

ಟಾಪು ಮೂಲದಲ್ಲಿ ಕಪ್ಪಂತೆ. ನಾನು ನೋಡಿದಾಗ ಪಾಚಿ ಹಿಡಿದು ಹಸಿರಾಗಿತ್ತು. ಹಿಂದಿನ ಪ್ಲಾಸ್ಟಿಕ್ ಗಾಜು ಚಹಾದ ಬಣ್ಣಕ್ಕೆ ತಿರುಗಿತ್ತು.

"ಮೆತ್ತನೆ ಬ್ರಷ್ಷು, ಒಂಚೂರು ಸೋಪು, ಮಗು ತಲೆ ತೊಳ್ದಂಗೆ ತೊಳಿ," ಎಂದಳು ಅಕ್ಕ.

ಮಗುವಿನ ತಲೆ ತೊಳೆದು ನನಗೇನು ಗೊತ್ತು? ನೆಲ ಉಜ್ಜುವ ಬ್ರಷ್ಷು ತಂದು, ಸೋಡಾ ಕಲಸಿ, ಮೈಯೆಲ್ಲ ಬಲ ಹಾಕಿ ಉಜ್ಜಿದೆ. ಪಾಚಿ ಹೋಯಿತು. ಪಾಚಿಯ ಜೊತೆ ಬಟ್ಟೆಯೂ ಹೋಯಿತು. ಬ್ರಷ್ಷು, ಅದರ ಹಿಂದೆ ನನ್ನ ಮೊಣಕೈಯವರೆಗಿನ ಕೈ, ಎರಡೂ ಗಾಡಿಯೊಳಗೆ ಇಳಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತಾಯಿತು.

ಅಕ್ಕ ಬಾಗಿಲು ತೆಗೆದು ಒಳಗೆ ಕೂತು, ಮೇಲಿಂದ ತೂಗುತ್ತಿದ್ದ ನನ್ನ ಕೈ ಹಿಡಿದು ನಾಡಿ ನೋಡಿದಳು. "ಸ್ವಲ್ಪ ಜೋರಾಗಿದೆ," ಎಂದಳು. ಇವಳಿಗೆ ಎಲ್ಲವೂ ತಮಾಷೆ.

ಸೆಪ್ಟೆಂಬರ್ ೧೧, ಗುರುವಾರ

ಗ್ರೀಸು ಬಂದಿದ್ದ. ಮೂಲೆಯ ಗ್ಯಾರೇಜಿನವನು, ಅವನ ನಿಜವಾದ ಹೆಸರು ಅವನ ಹೆಂಡತಿಗೂ ನೆನಪಿದೆಯೋ ಇಲ್ಲವೋ. ಟಾಪಿನ ಕೆಳಗಿನ ಕಬ್ಬಿಣದ ಕಮಾನುಗಳನ್ನು ಎಳೆದು ನೋಡಿ, ಕಮಾನು ಗಟ್ಟಿಯಾಗಿವೆ, ಬಟ್ಟೆ ಮಾತ್ರ ಸತ್ತಿದೆ ಎಂದ. ಹೊಸ ಟಾಪು ಸಿಗುವುದಿಲ್ಲವಂತೆ, ಈ ಗಾಡಿ ಮಾಡುವುದನ್ನು ನಿಲ್ಲಿಸಿ ಯಾವುದೋ ಕಾಲವಾಗಿದೆಯಂತೆ.

"ಹೊಲಿಸ್ಬೇಕು ಅಷ್ಟೇ," ಎಂದ.

ಅಕ್ಕ ನನ್ನ ಮುಖ ನೋಡಿದಳು. ಗ್ರೀಸು ನನ್ನ ಮುಖ ನೋಡಿದ. ನಾನು ನನ್ನ ಬೆಕ್ಕಿನ ಮುಖ ನೋಡಿದೆ. ಬೆಕ್ಕು ಎದ್ದು ಹೋಯಿತು.

ಒಪ್ಪಿಕೊಂಡಿದ್ದೇನೆ. ಬೇರೆಯವರ ಕೈಗೆ ಕೊಟ್ಟರೆ ಇನ್ನೂ ತಡವಾಗುತ್ತದೆ, ಅದಕ್ಕೆ. ಬೇರೆ ಕಾರಣವಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ದಪ್ಪ ಕ್ಯಾನ್ವಾಸು ಬಂತು. ಕಪ್ಪು. ಹಳೆಯ ಟಾಪನ್ನು ಬಿಚ್ಚಿ, ಹೊಲಿಗೆ ಹೊಲಿಗೆಯಾಗಿ ಕಿತ್ತು, ತುಂಡುಗಳನ್ನು ನೆಲದ ಮೇಲೆ ಹರಡಿ, ಅದರ ಪ್ರಕಾರ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

"ಗಾಡಿ ಇಲ್ಲೇ ನಿಂತಿದೆಯಲ್ಲೋ, ಅದರ ಮೇಲೇ ಅಳತೆ ತಗೋಬಾರ್ದಾ?" ಎಂದಳು ಅಕ್ಕ.

ಅವಳಿಗೆ ನನ್ನ ಕಸುಬಿನ ಮೊದಲ ಪಾಠ ಹೇಳಿದೆ. ಒಳ್ಳೆಯ ದರ್ಜಿ ಯಾವತ್ತೂ ಅಳತೆ ಬಟ್ಟೆ ಕೇಳುತ್ತಾನೆ, ಗಿರಾಕಿ ಹಾಕಿ ಹಾಕಿ ಒಗ್ಗಿದ ಹಳೆಯ ಅಂಗಿಯೋ ಪ್ಯಾಂಟೋ. ಮನುಷ್ಯ ಸುಳ್ಳು ಹೇಳುತ್ತಾನೆ, ಟೇಪು ಹಿಡಿದ ತಕ್ಷಣ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾನೆ. ಅಳತೆ ಬಟ್ಟೆ ಸುಳ್ಳು ಹೇಳುವುದಿಲ್ಲ.

"ಗಾಡಿ ಹೊಟ್ಟೆ ಎಳ್ಕೊಳ್ಳುತ್ತೇನೋ?" ಎಂದಳು. "ರೋಗಿನ ಬಿಟ್ಟು ಅವನ ಅಂಗಿಗೆ ಥರ್ಮಾಮೀಟರ್ ಇಟ್ಟಂಗಾಯ್ತು."

ಇಂಜೆಕ್ಷನ್ ಚುಚ್ಚುವವರಿಗೆ ಕತ್ತರಿಯ ವಿಷಯ ಏನು ಗೊತ್ತು. ಕತ್ತರಿಸಿದೆ.

ಸೆಪ್ಟೆಂಬರ್ ೨೯, ಸೋಮವಾರ

ಇವತ್ತು ಟಾಪು ತೊಡಿಸಿದೆವು. ಗ್ರೀಸು ಒಂದು ಕಡೆ, ನಾನು ಒಂದು ಕಡೆ. ಹಿಂದಿನ ಅಂಚು ಕೂತಿತು. ಕಮಾನುಗಳ ಮೇಲೆ ಬಟ್ಟೆ ತಬಲದ ಹಾಗೆ ಬಿಗಿಯಿತು. ಮುಂದಿನ ಗಾಜಿನ ಚೌಕಟ್ಟಿಗೆ ಎಳೆದು ಕೊಂಡಿ ಹಾಕಬೇಕು. ಎಳೆದೆವು. ಗ್ರೀಸು ಕಾಲು ಕೊಟ್ಟು ಎಳೆದ. ನಾನು ಹಲ್ಲು ಕಚ್ಚಿ ಎಳೆದೆ. ನಾಲ್ಕು ಬೆರಳು ಮೋಟು.

ಹಳೆಯ ಬಟ್ಟೆ ವರ್ಷಗಟ್ಟಲೆ ನೆನೆದು ಒಣಗಿ, ನೆನೆದು ಒಣಗಿ, ಕುಗ್ಗಿಹೋಗಿತ್ತು. ಎಳೆತ ತಡೆಯಲಾರದೆಯೇ ಅದು ಹರಿದದ್ದು. ನಾನು ಆ ಕುಗ್ಗಿದ ಅಳತೆಗೇ ಸರಿಯಾಗಿ, ಒಂದು ನೂಲೂ ಆಚೀಚೆಯಾಗದಂತೆ ಕತ್ತರಿಸಿದ್ದೆ. ಅಳತೆ ಬಟ್ಟೆಯೂ ಸುಳ್ಳು ಹೇಳುತ್ತದೆ.

ಅಕ್ಕ ಮೆಟ್ಟಿಲ ಮೇಲೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಾಪ ಕಣೋ, ನಿಕ್ಕರ್ ಹಾಕ್ಕೊಂಡ್ ನಿಂತಂಗಿದೆ!" ಗ್ರೀಸು ಮೊದಲು ಮರ್ಯಾದೆಗೆ ತಡೆದುಕೊಂಡಿದ್ದ, ಆಮೇಲೆ ಅವನೂ ಸೇರಿಕೊಂಡ.

ನನಗೆ ಕೋಪ ಬರಬೇಕಿತ್ತು. ಮತ್ತೆ ಬಟ್ಟೆ ತರಿಸಬೇಕು, ಮತ್ತೆ ಕತ್ತರಿಸಬೇಕು, ಇನ್ನೂ ಎಷ್ಟು ದಿನ ಹಿಡಿಯುತ್ತದೋ. ಕೋಪ ಬರಲಿಲ್ಲ. ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಚಿಂತೆಯಲ್ಲಿ ಹಸಿವು ಹೆಚ್ಚುತ್ತದೆಂದು ಕಾಣುತ್ತದೆ.

ಅಕ್ಟೋಬರ್ ೩, ಶುಕ್ರವಾರ

ಹೊಸ ಬಟ್ಟೆ ಇನ್ನೂ ಬಂದಿಲ್ಲ. ಅಕ್ಕನಿಗೆ ಸುಮ್ಮನೆ ಕೂತರೆ ಮೈ ತುರಿಸುತ್ತದೆ. ಅಂಗಡಿಯ ಕೌಂಟರಿಗೆ ಬಂದು ನಿಂತಿದ್ದಾಳೆ.

ಇವತ್ತು ವಕೀಲರು ಕೋಟು ತೊಟ್ಟು ನೋಡಲು ಬಂದರು. ನಾನು ಟೇಪು ತೆಗೆಯುವುದರೊಳಗೆ ಅಕ್ಕ ಅವರ ಸೊಂಟ ಸುತ್ತಿ ಅಳೆದು, "ಕೋಟು ಅಗಲ ಮಾಡೋದಲ್ಲ ಸ್ವಾಮಿ, ನೀವು ಸಣ್ಣ ಆಗ್ಬೇಕು. ದಿನಾ ಮೂರು ಮೈಲಿ ನಡೀರಿ. ಸಕ್ಕರೆ ಯಾವಾಗ ನೋಡಿಸಿದ್ರಿ?" ಎಂದಳು. ಕೋರ್ಟಿನಲ್ಲಿ ಜಡ್ಜಿಗೂ ಜಗ್ಗದ ಆಸಾಮಿ, "ಹೋದ ವರ್ಷ, ಮೇಡಂ," ಎಂದು ತಲೆ ತಗ್ಗಿಸಿ ನಿಂತರು. ಗಿರಾಕಿ ಕೈತಪ್ಪಿತು ಎಂದುಕೊಂಡೆ. ಸಂಜೆ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದರು, ಹೊಲಿಸುವುದಕ್ಕಲ್ಲ, ಬಿ.ಪಿ. ತೋರಿಸುವುದಕ್ಕೆ.

ಊಟವಾದ ಮೇಲೆ ಇಸ್ಪೀಟು ಆಡಿದೆವು. ಅಕ್ಕ ಕಣ್ಣೆದುರೇ ಮೋಸ ಮಾಡುತ್ತಾಳೆ. ಚಿಕ್ಕಂದಿನಲ್ಲೂ ಹೀಗೇ. ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಎಂಬ ಒಂದೇ ಕಾರಣಕ್ಕೆ ಸುಮ್ಮನಿದ್ದೇನೆ. ನಾಳೆ ಅವಳ ತೋಳು ತಪಾಸಣೆ ಮಾಡಿಯೇ ಎಲೆ ಹಂಚುವುದು.

ಅಕ್ಟೋಬರ್ ೧೦, ಶುಕ್ರವಾರ

ಬಟ್ಟೆ ಬಂತು. ಈ ಸಲ ಗಾಡಿಯ ಮೇಲೇ ಅಳತೆ. ಕಮಾನಿನಿಂದ ಕಮಾನಿಗೆ ಟೇಪು ಹಿಡಿದು, ಒಳಗಿನ ಅಳತೆ ತೆಗೆದುಕೊಳ್ಳಲು ಮೊದಲ ಸಲ ಗಾಡಿಯೊಳಗೆ ಕೂತೆ. ಅಕ್ಕ ಡ್ರೈವರ್ ಸೀಟಿನಲ್ಲಿದ್ದಳು. ಮಳೆ ಬಿಟ್ಟಿತ್ತೆಂದು ಅಷ್ಟು ಹೊತ್ತು ತಾಡಪಾಲು ಬಿಚ್ಚಿದ್ದಳು. ತಲೆಯ ಮೇಲೆ ಬರೀ ಕಮಾನು, ಅದರ ಮೇಲೆ ಆಕಾಶ.

ನಿಂತ ಗಾಡಿಯ ಸ್ಟೀರಿಂಗು ತಿರುಗಿಸುತ್ತಾ ಅಕ್ಕ ಬಾಯಲ್ಲಿ ಬುರ್ರ್ ಎಂದು ಸದ್ದು ಮಾಡಿದಳು. ಎಪ್ಪತ್ತರ ಹೆಂಗಸು! ಯಾರಾದರೂ ನೋಡಿದರೆ ಏನೆಂದಾರು ಎಂದು ಬೈದೆ.

"ಎಲ್ಲಿಗೆ ಹೋಗ್ಬೇಕು ಸಾರ್?" ಎಂದಳು.

"ಎಲ್ಲಿಗೂ ಬೇಡ, ಇಲ್ಲೇ ಇರು," ಎಂದೆ. ಅಂದರೆ ಅಲ್ಲಾಡಬೇಡ, ಟೇಪು ಜಾರುತ್ತದೆ ಎಂದು.

ಆಮೇಲೆ ಅವಳೇ ಹೇಳಿದಳು. "ಜೀವಮಾನ ಪೂರ್ತಿ ಫಿನಾಯಿಲ್ ವಾಸನೆ ಕುಡ್ದೆ ಕಣೋ. ಕಿಟಕಿ ತೆಗೆದ್ರೆ ರೋಗಿಗೆ ಚಳಿ, ಹಾಕಿದ್ರೆ ನಂಗೆ ಉಸಿರು ಕಟ್ಟುತ್ತೆ. ಸಮುದ್ರದ ಹತ್ರ ಒಂದು ಕಿಟಕಿ, ಯಾರೂ 'ಮುಚ್ಚಿ ಸಿಸ್ಟರ್' ಅನ್ನಬಾರ್ದು. ಅಷ್ಟೇ ನನ್ನ ಆಸೆ."

ನನ್ನ ಮನೆಯಲ್ಲೂ ಕಿಟಕಿ ಇವೆ ಎಂದೆ. "ಇದೆ, ಅದಕ್ಕೆ ನಾನೇ ತಾಡಪಾಲು ಕಟ್ಟಿದ್ದೀನಿ," ಎಂದಳು. ಮಾತಿನಲ್ಲಿ ಇವಳನ್ನು ಗೆದ್ದವರಿಲ್ಲ.

ಅಕ್ಟೋಬರ್ ೧೭, ಶುಕ್ರವಾರ

ಟಾಪು ಬಹುತೇಕ ಮುಗಿದಿತ್ತು. ಬೆಳಕಿಗೆ ಹಿಡಿದರೆ ಎಡಗಡೆಯ ಜೋಡುಹೊಲಿಗೆ ಒಂದು ಕೂದಲೆಳೆ ಸೊಟ್ಟ ಕಂಡಿತು. ಪೂರ್ತಿ ಬಿಚ್ಚಿದೆ. ಕೆಲಸವೆಂದರೆ ಕೆಲಸ.

ಅಕ್ಟೋಬರ್ ೨೦, ಸೋಮವಾರ

ಎಡಗಡೆಯದು ಸರಿಯಾಯಿತು. ಈಗ ಬಲಗಡೆಯದು ಅದಕ್ಕೆ ಹೊಂದುತ್ತಿಲ್ಲ. ಬಿಚ್ಚಿದೆ. ಹಿಂದಿನ ಪ್ಲಾಸ್ಟಿಕ್ ಗಾಜಿನ ಸುತ್ತ ನೂಲಿನ ಕಪ್ಪು ಬಟ್ಟೆಯ ಕಪ್ಪಿಗಿಂತ ಕೊಂಚ ತಿಳಿಯಾಗಿದೆ. ಅದನ್ನೂ ಬಿಚ್ಚಿದೆ.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ನಿಂಗೆ ಕೈ ನಿಧಾನ ಆಗಿದೆಯೋ, ಮನಸ್ಸು ನಿಧಾನ ಆಗಿದೆಯೋ?"

"ಅರ್ಜೆಂಟ್ ಇದ್ರೆ ರೆಡಿಮೇಡ್ ತಗೋ," ಎಂದೆ. ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದೆ. ನಮ್ಮ ಗಾಡಿಗೆ ರೆಡಿಮೇಡ್ ಸಿಗುವುದಿಲ್ಲವೆಂಬುದು ಅವಳಿಗೂ ಗೊತ್ತು.

ಅಕ್ಟೋಬರ್ ೨೨, ಬುಧವಾರ

ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಸಮುದ್ರದಮ್ಮ. ಆ ಗೆಳತಿಗೆ ನಾನಿಟ್ಟ ಹೆಸರು. ದನಿ ಕೇಳಿದರೆ ಅವರೂ ಹೆಡ್ ನರ್ಸೇ.

"ಒಂದನೇ ತಾರೀಖಿನೊಳಗೆ ಬರೋದಾದ್ರೆ ಬರಲಿ. ನಮ್ಮ ಇನ್ನೊಬ್ಬ ಸಿಸ್ಟರ್ ಆ ರೂಮ್ ಕೇಳ್ತಿದ್ದಾರೆ. ಎಷ್ಟು ದಿನ ಅಂತ ಇಲ್ಲ ಅನ್ನಲಿ? ನಿಮ್ಮಕ್ಕಂಗೆ ಹೇಳಿಬಿಡಿ."

ಹೇಳುತ್ತೇನೆ ಎಂದೆ.

ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದು, "ಯಾರೋ ಫೋನು?" ಎಂದಳು. ರಾಂಗ್ ನಂಬರ್ ಎಂದೆ.

ಅಕ್ಟೋಬರ್ ೨೩, ಗುರುವಾರ

ಹೇಳುವುದು ಮರೆತೆ.

ಅಕ್ಟೋಬರ್ ೨೫, ಶನಿವಾರ

ಮರೆಯಲಿಲ್ಲ. ಇದು ನನ್ನದೇ ಪುಸ್ತಕ, ಇಲ್ಲಿ ಯಾರಿಗೆ ಟೋಪಿ ಹಾಕಲಿ? ಮೂರು ದಿನದಿಂದ ಬಾಯಿಯವರೆಗೆ ಬಂದದ್ದನ್ನು ನುಂಗಿದ್ದೇನೆ. ಒಂದನೇ ತಾರೀಖು ದಾಟಿದರೆ ಕೋಣೆ ಇನ್ನೊಬ್ಬರ ಪಾಲು. ಆಮೇಲೆ ಅಕ್ಕ ಎಲ್ಲಿಗೆ ಹೋಗುತ್ತಾಳೆ? ಎಲ್ಲಿಗೂ ಇಲ್ಲ. ಆ ಯೋಚನೆ ಬಂದಾಗ ನನಗೆ ಖುಷಿಯಾಯಿತು.

ಇವತ್ತು ಸಂಜೆ ಕಸ ಹಾಕಲು ಅಂಗಳಕ್ಕೆ ಹೋದೆ. ಅಕ್ಕ ಚಾವಣಿಯಿಲ್ಲದ ಗಾಡಿಯಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿಕೊಂಡು ಉಸಿರೆಳೆಯುತ್ತಿದ್ದಳು. ನಮ್ಮ ಅಂಗಳದ ಗಾಳಿಯಲ್ಲಿ ಏನಿದೆ? ಗ್ರೀಸಿನ ಗ್ಯಾರೇಜಿನ ಹೊಗೆ, ನನ್ನ ಇಸ್ತ್ರಿಯ ಹಬೆ. ಅದನ್ನೇ ಎಳೆದುಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಕಸದ ಬುಟ್ಟಿ ಹಿಡಿದುಕೊಂಡೇ ಹೇಳಿಬಿಟ್ಟೆ. ಫೋನು ಬಂದಿದ್ದು, ಒಂದನೇ ತಾರೀಖು, ಇನ್ನೊಬ್ಬ ಸಿಸ್ಟರು, ರಾಂಗ್ ನಂಬರು, ಎಲ್ಲ.

ಅಕ್ಕ ಕಣ್ಣು ತೆರೆಯಲಿಲ್ಲ. "ಗೊತ್ತು ಕಣೋ. ಅವತ್ತೇ ಮಧ್ಯಾಹ್ನ ಅವಳು ಮತ್ತೆ ಮಾಡಿದ್ಲು. ನೀನು ಯಾವತ್ತು ಹೇಳ್ತೀಯ ಅಂತ ಕಾಯ್ತಿದ್ದೆ."

"ಹೇಳದೇ ಇದ್ದಿದ್ರೆ?"

"ಇಸ್ಪೀಟಲ್ಲಿ ಇನ್ನೂ ಜಾಸ್ತಿ ಮೋಸ ಮಾಡ್ತಿದ್ದೆ," ಎಂದಳು.

ನಾನು ಒಳಗೆ ಬಂದು ಯಂತ್ರದ ಮುಂದೆ ಕೂತೆ. ಬೇಗ ಮುಗಿಸಿ ಇವಳನ್ನು ಸಾಗಹಾಕಬೇಕು. ದಾರ ಪೋಣಿಸುವಾಗ ಕಣ್ಣು ಮಂಜಾಗಿ ನಾಲ್ಕು ಸಲ ತಪ್ಪಿತು. ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

ಅಕ್ಟೋಬರ್ ೨೯, ಬುಧವಾರ

ಟಾಪು ಕೂತಿತು!

ಮುಂದಿನ ಅಂಚನ್ನು ಗಾಜಿನ ಚೌಕಟ್ಟಿಗೆ ತಂದು ಒತ್ತಿದೆ. ಕೊಂಡಿ ಟಕ್ ಎಂದಿತು. ಎಷ್ಟೋ ಮದುವೆ ಕೋಟು ಹೊಲಿದಿದ್ದೇನೆ, ಯಾವ ಮದುಮಗನ ಮೈಮೇಲೂ ಬಟ್ಟೆ ಹೀಗೆ ಕೂತಿಲ್ಲ. ಒಂದು ಸುಕ್ಕಿಲ್ಲ, ಒಂದು ಜೋಲಿಲ್ಲ. ಹೊಲಿಗೆಗಳ ಮೇಲೆ ಒಳಗೂ ಹೊರಗೂ ಮೇಣ ಉಜ್ಜಿದ್ದೇನೆ, ಸೂಜಿಯ ತೂತಿನಲ್ಲೂ ನೀರು ಇಳಿಯಬಾರದೆಂದು. ಅಕ್ಕನನ್ನು ಒಳಗೆ ಕೂರಿಸಿ ಬಾಗಿಲು ಹಾಕಿ ಮೇಲಿಂದ ಬಕೆಟ್ಟುಗಟ್ಟಲೆ ನೀರು ಸುರಿದೆ. ಹೊರಗೆ ಬಂದು ತನ್ನ ತಲೆ ಮುಟ್ಟಿ ತೋರಿಸಿದಳು. ಒಣಗಿತ್ತು.

ಗ್ರೀಸು ಗಾಡಿಯ ಸುತ್ತ ಒಂದು ಸುತ್ತು ಬಂದು, "ಸಾರ್, ಇನ್ನು ನೀವು ಪ್ಯಾಂಟು ಗೀಂಟು ಹೊಲೀಬಾರ್ದು," ಎಂದ. ಆಮೇಲೆ ಅಕ್ಕನಿಗೆ, ಹೊಸ ಬಟ್ಟೆ ಎಳೆತಕ್ಕೆ ಒಗ್ಗುವವರೆಗೆ ಟಾಪು ಮುಚ್ಚಿಯೇ ಇಡಬೇಕು, ಕೆಲವು ವಾರ ಮಡಚಕೂಡದು ಎಂದ.

"ತಲೆ ಬಿಚ್ಚೋ ಗಾಡಿ ಇಟ್ಕೊಂಡು ಮುಸುಕು ಹಾಕ್ಕೊಂಡು ಹೋಗ್ಬೇಕಾ?" ಎಂದಳು ಅಕ್ಕ.

ಅಕ್ಟೋಬರ್ ೩೧, ಶುಕ್ರವಾರ

ಹೋದಳು.

ಹೊರಡುವಾಗ ಪಕ್ಕದ ಸೀಟಿನ ಬಾಗಿಲು ತೆಗೆದು, "ನೀನೂ ಬಾರೋ," ಎಂದಳು.

"ಅಂಗಡಿ ಯಾರು ನೋಡ್ಕೋತಾರೆ?"

"ಅಂಗಡಿಗೇನು ಕಾಲಿದೆಯಾ, ಎದ್ದು ಹೋಗೋಕೆ?"

"ಗಿರಾಕಿಗಳು ಕಾಯ್ತಾರೆ."

"ಯಾವ ಗಿರಾಕಿ? ನಂಗೆ ಬಿ.ಪಿ. ತೋರ್ಸೋಕೆ ಬರ್ತಾರಲ್ಲ, ಅವರಾ?"

ಬಾಗಿಲು ಹಾಕಿದೆ. ಜೋರಾಗಿ ಹಾಕಿದೆನೆಂದು ಬೈದಳು, ಹೊಸ ಟಾಪು ಅದುರುತ್ತದಂತೆ. ನಾನು ಹೊಲಿದ ಟಾಪಿನ ವಿಷಯ ನನಗೇ ಹೇಳುತ್ತಾಳೆ. ತಿರುವಿನಲ್ಲಿ ಹಾರ್ನ್ ಹೊಡೆದಳು.

ಅಬ್ಬಾ, ಮನೆ ಮನೆಯಾಯಿತು.

ನವೆಂಬರ್ ೨, ಭಾನುವಾರ

ಕಿಟಕಿಗೆ ತಾಡಪಾಲಿಲ್ಲ, ಬೆಳಕು ಚೆನ್ನಾಗಿ ಬರುತ್ತಿದೆ.

ನವೆಂಬರ್ ೪, ಮಂಗಳವಾರ

ಐದಕ್ಕೆ ಎಚ್ಚರವಾಯಿತು. ಮಲಗಿಕೊಂಡೇ ನಾಡಿ ಹಿಡಿದು ನೋಡಿಕೊಂಡೆ. ಎಣಿಕೆ ತಪ್ಪಿತು.

ವಕೀಲರು ಬಂದು, "ಮೇಡಂ ಇಲ್ವಾ?" ಎಂದರು. ಇಲ್ಲ ಎಂದೆ. ಕೋಟು ತೊಟ್ಟು ಕೂಡ ನೋಡದೆ ಹೋದರು.

ನವೆಂಬರ್ ೯, ಭಾನುವಾರ

ಇಂಥ ಅವಮಾನ ನನಗೆ ಆಯುಷ್ಯದಲ್ಲೇ ಆಗಿಲ್ಲ.

ಅಕ್ಕ ಫೋನ್ ಮಾಡಿದ್ದಳು. ಕೋಣೆ ಚೆನ್ನಾಗಿದೆಯಂತೆ, ಕಿಟಕಿ ದೊಡ್ಡದಂತೆ, ಸಮುದ್ರ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತದಂತೆ. ಅದೆಲ್ಲ ಸರಿ. ಕೊನೆಯಲ್ಲಿ ಸಣ್ಣ ದನಿಯಲ್ಲಿ, "ಬೇಜಾರ್ ಮಾಡ್ಕೋಬೇಡ, ಮೊನ್ನೆ ಇಲ್ಲಿ ಮಳೆ ಬಂತು. ಟಾಪು ಸೋರ್ತಿದೆ ಕಣೋ," ಎಂದಳು.

"ಏನು?!"

"ಪಕ್ಕದ ಸೀಟಿನ ಮೇಲೆ. ಒಂಚೂರು. ಹೋಗ್ಲಿ ಬಿಡು, ಅಲ್ಲಿ ಯಾರೂ ಕೂರಲ್ವಲ್ಲ."

ಹೋಗಲಿ ಬಿಡುವುದಂತೆ! ಮೇಣ ಉಜ್ಜಿದ ಜೋಡುಹೊಲಿಗೆ ಸೋರುತ್ತದಾ? ಬಕೆಟ್ಟುಗಟ್ಟಲೆ ನೀರು ತಡೆದದ್ದು ಸಮುದ್ರದ ನಾಲ್ಕು ಹನಿಗೆ ಸೋರುತ್ತದಾ? ಸಮುದ್ರದಮ್ಮನ ಎದುರು ನನ್ನ ಕಸುಬಿನ ಮಾನ ಹೋಯಿತು.

"ಯಾವುದನ್ನೂ ಮುಟ್ಬೇಡ. ನಾನೇ ಬರ್ತೀನಿ," ಎಂದೆ.

"ಅಂಗಡಿ?" ಎಂದಳು.

"ಅಂಗಡಿ ಹಾಳಾಗ್ಲಿ!" ಎಂದು ಫೋನಿಟ್ಟೆ.

ನವೆಂಬರ್ ೧೧, ಮಂಗಳವಾರ

ಸಮುದ್ರದ ಊರಿನಿಂದ ಬರೆಯುತ್ತಿದ್ದೇನೆ. ಬೆಳಗಿನ ಬಸ್ಸಿಗೆ ಹೊರಟು ಸಂಜೆಗೆ ಬಂದೆ. ಹೊಲಿಗೆ ಬಿಚ್ಚಿ ಹೊಲಿಯಬೇಕಾದರೆ ಎಂದು ಯಂತ್ರವನ್ನೂ ಹೊತ್ತು ತಂದೆ. ಯಂತ್ರ ಬಂದ ಮೇಲೆ ಇಸ್ತ್ರಿ ಬೇಡವೇ, ದೊಡ್ಡ ಕತ್ತರಿ ಬೇಡವೇ? ಅವನ್ನೂ ತಂದೆ. ಬೆಕ್ಕನ್ನು ಒಂಟಿಯಾಗಿ ಬಿಡುವುದು ಸರಿಯಲ್ಲವೆಂದು ಬುಟ್ಟಿಯಲ್ಲಿ ಹಾಕಿಕೊಂಡು ಬಂದೆ. ಕಂಡಕ್ಟರು, "ಮನೆ ಖಾಲಿ ಮಾಡ್ತಿದ್ದೀರಾ ಯಜಮಾನ್ರೇ?" ಎಂದ. ಎಂಥೆಂಥ ಅಧಿಕಪ್ರಸಂಗಿಗಳಿರುತ್ತಾರೆ.

ಬ್ಯಾಗು ಇಳಿಸದೆಯೇ ಗಾಡಿಯ ಹತ್ತಿರ ಹೋದೆ. ಪಕ್ಕದ ಸೀಟು ಒಣಗಿಕೊಂಡಿದೆ. ಕಲೆಯೂ ಇಲ್ಲ. ಹೊಲಿಗೆ ಹೊಲಿಗೆಯಾಗಿ ಬೆರಳಾಡಿಸಿದೆ. ಒಂದು ನೂಲು ಅಲ್ಲಾಡಿಲ್ಲ.

"ಎಲ್ಲಿ ಸೋರಿದ್ದು?"

"ಅಲ್ಲೇ ಎಲ್ಲೋ," ಎಂದು ಅಕ್ಕ ಆಕಾಶ ನೋಡಿದಳು. "ಬಿಸಿಲಿಗೆ ಒಣಗಿರ್ಬೇಕು."

ಇರಬಹುದು. ಇಲ್ಲಿ ಬಿಸಿಲು ಜೋರು.

ನವೆಂಬರ್ ೧೩, ಗುರುವಾರ

ಗಾಡಿಯ ಮೇಲೆ ಬಕೆಟ್ಟಿನಿಂದ ನೀರು ಸುರಿದು ಅಕ್ಕನಿಗೂ ಸಮುದ್ರದಮ್ಮನಿಗೂ ಸಾಕ್ಷಿ ಸಮೇತ ತೋರಿಸಿದೆ. ಪಕ್ಕದ ಸೀಟಿನಲ್ಲಿ ನಾನೇ ಕೂತೆ. ಒಂದು ಹನಿ ಬಿದ್ದಿದ್ದರೆ ಕೇಳಿ.

"ಬಕೆಟ್ ನೀರು ಬೇರೆ, ಮಳೆ ನೀರು ಬೇರೆ ಕಣೋ," ಎಂದಳು ಅಕ್ಕ. "ಮಳೆ ಅಡ್ಡಡ್ಡ ಹೊಡೆಯುತ್ತೆ."

"ಹೌದು ಹೌದು," ಎಂದರು ಸಮುದ್ರದಮ್ಮ. ಇಬ್ಬರೂ ಒಂದೇ ವಾರ್ಡಿನಲ್ಲಿ ಪಳಗಿದವರು. ಇವರೊಡನೆ ವಾದಿಸಿ ಫಲವಿಲ್ಲ.

ನಾನು ಖಡಾಖಂಡಿತವಾಗಿ ಹೇಳಿದೆ. ನಿಜವಾದ ಮಳೆ ಬರಲಿ. ಗಾಡಿಯೊಳಗೆ, ಅದೇ ಸೀಟಿನಲ್ಲಿ ಕೂತು, ಸೋರುವುದಿಲ್ಲವೆಂದು ತೋರಿಸಿದ ಮೇಲೆಯೇ ನಾನು ಊರಿಗೆ ಹೋಗುವುದು. ಅದಕ್ಕೆ ಮೊದಲು ಒಂದು ಹೆಜ್ಜೆ ಕದಲುವುದಿಲ್ಲ.

ಅಕ್ಕ, "ಆಯ್ತಪ್ಪಾ, ನಿನ್ನಿಷ್ಟ," ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಇಬ್ಬರೂ ಯಾಕೋ ಕಿಸಕ್ಕನೆ ನಕ್ಕಿದ್ದು ಕೇಳಿತು. ನಗಲಿ. ಮಳೆ ಬಂದಾಗ ಗೊತ್ತಾಗುತ್ತದೆ ಯಾರು ನಗುತ್ತಾರೆಂದು.

ನವೆಂಬರ್ ೧೬, ಭಾನುವಾರ

ಮಹಡಿಯ ಗಾಜಿನ ವರಾಂಡದಲ್ಲಿ ಯಂತ್ರ ಇಟ್ಟುಕೊಂಡಿದ್ದೇನೆ. ಮೂರು ಕಡೆಯಿಂದ ಬೆಳಕು. ಸಮುದ್ರದಮ್ಮ ಪರದೆಗಳನ್ನು ಕೊಟ್ಟಿದ್ದಾರೆ, ಎದುರು ಮನೆಯವರು ಎರಡು ಪ್ಯಾಂಟು ತಂದಿದ್ದಾರೆ. ಹೇಗೂ ಕಾಯಬೇಕಲ್ಲ, ಕೈ ಖಾಲಿ ಯಾಕೆ?

ಇವತ್ತು ಕೆಳಗಿನ ಬೀದಿಯ ಮೀನುಗಾರನನ್ನು ಹಿಡಿದು, ಮಳೆ ಯಾವಾಗ ಬರುತ್ತದೆ ಎಂದು ಕೇಳಿದೆ. ಮೊನ್ನೆ ಮೊನ್ನೆ ಬಂತು ಎಂದು ಅಕ್ಕ ಹೇಳುತ್ತಾಳೆ, ಮತ್ತೆ ಬಂದೀತು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಇಲ್ಲಿ ಅಕ್ಟೋಬರ್ ಮಧ್ಯದಿಂದ ಒಂದು ಹನಿಯೂ ಬಿದ್ದಿಲ್ಲವಂತೆ. ಮಳೆಗಾಲ ಮುಗಿಯಿತಂತೆ. ಇನ್ನು ಜೂನ್‌ವರೆಗೆ ಮಳೆಯ ಮಾತೇ ಇಲ್ಲವಂತೆ.

ಮೀನುಗಾರರಿಗೆ ಮಳೆಯ ಲೆಕ್ಕ ಅಷ್ಟಾಗಿ ಗೊತ್ತಿರುವುದಿಲ್ಲವೆಂದು ತೋರುತ್ತದೆ. 

ಜೂನಾದರೂ ಸರಿ. ಪ್ರಶ್ನೆ ನನ್ನ ಹೊಲಿಗೆಯ ಮಾನದ್ದು. ಅಲ್ಲಿಯವರೆಗೆ ಇಲ್ಲಿಯೇ ಇದ್ದು ಕಾಯುತ್ತೇನೆ.